ಅಮಾವಾಸ್ಯೆಯ ತಾರೀಖುಗಳು

"ಭಾನುವಾರ ರಜೆ ಅಂತ ಈ ಡಬ್ಬಕ್ಕೆ ಯಾರಮ್ಮಾ ಹೇಳ್ಕೊಟ್ಟೋರು?"

ಕಾಟಮ್ಮಕ್ಕ ಕಿಟಕಿಯ ಕಂಬಿ ಹಿಡಿದು ಅಲ್ಲಾಡಿಸಿದರು. ಮೊಳಕಾಲ್ಮೂರಿನ ನಮ್ಮ ನೇಕಾರರ ಸಂಘದಲ್ಲಿ ರೇಷ್ಮೆ ನೂಲು ಕೊಡುವುದೇ ಭಾನುವಾರ. ಕಂಪ್ಯೂಟರಿನ ಚೀಟಿ ಇಲ್ಲದೆ ಉಗ್ರಾಣದ ಪಾತಣ್ಣ ಒಂದೆಳೆಯನ್ನೂ ಕೊಡುವುದಿಲ್ಲ. ಹತ್ತು ಗಂಟೆಯಿಂದ ಕಂಪ್ಯೂಟರ್ ತೆವಳುತ್ತಿತ್ತು; ನಾನು ತೆಗೆದದ್ದು ಮೂರೇ ಚೀಟಿ. ಸಾಲು ಬೀದಿ ಮುಟ್ಟಿತ್ತು.

"ಅರ್ಧ ಸೀರೆ ಮಗ್ಗದ ಮ್ಯಾಲೈತೆ ಆಶಾ. ಗುರುವಾರ ಧಾರೆ. ಮದುವೆ ಹುಡುಗಿ ಅರ್ಧ ಸೀರೆ ಉಟ್ಕಂಡು ಕೂತ್ಕಬೇಕಾ? ನಮ್ಮೂರಿಗೆ ಹನ್ನೆರಡರ ಬಸ್ಸು ಬಿಟ್ರೆ ಇನ್ನು ನಾಳೇನೇ!"

ಆಗಲೇ ಹನ್ನೊಂದೂವರೆ. ಚಳ್ಳಕೆರೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ಕಂಪ್ಯೂಟರಿನ ಕೆಲಸವೆಲ್ಲ ನೋಡಿಕೊಳ್ಳುವ ಹನುಮಂತರಾಜು ಅಲ್ಲಿರುತ್ತಾನೆ.

"ಡೇಟಾಬೇಸ್ ತನ್ನನ್ನ ತಾನೇ ಒಪ್ಪ ಮಾಡ್ಕಣ್ತೈತೆ ಕಣಮ್ಮ," ಅಂದ, ಆರಾಮಾಗಿ. "ಆಗಾಗ ಮಾಡ್ದಿದ್ರೆ ನಿಧಾನ ಆಗ್ತೈತೆ. ರಾತ್ರಿ ನಿಮ್ಮಲ್ಲಿ ಕರೆಂಟಿರಲ್ಲ. ಅದಕ್ಕೇ ಮೊನ್ನೆ ಬಂದಾಗ ಭಾನುವಾರ ಹತ್ತಕ್ಕೆ ಇಟ್ಟೆ. ರಜೆ ಅಲ್ವಾ?"

"ನಿಧಾನ ಆಗ್ಬಾರ್ದು ಅಂತ ನಿಲ್ಸೇ ಬಿಟ್ರಾ? ರಜೆ ನಿಮಗೆ ರೀ! ಇಲ್ಲಿ ಯಾರನ್ನಾದ್ರೂ ಒಂದು ಮಾತು ಕೇಳಿದ್ರಾ?"

ಕಾಟಮ್ಮಕ್ಕ ಕಂಬಿಯ ಸಂದಿಯಿಂದ ಕೈ ತೂರಿಸಿ ಫೋನು ಕಿತ್ತುಕೊಂಡರು.

"ಏಮಪ್ಪಾ, ಮಗ್ಗಕ್ಕೂ ರಜೆ ಐತೆ. ಅಮಾವಾಸ್ಯೆ. ಅವತ್ತು ನಾವು ಲಾಳಿ ಮುಟ್ಟಲ್ಲ, ಸಂಘದ ಬಾಗಿಲೂ ತೆಗೆಯಲ್ಲ. ನಿನ್ನ ಕಸ ಗುಡ್ಸೋದು ಅವತ್ತಿಟ್ಕ."

"ಕಂಪ್ಯೂಟರಿಗೆ ಅಮಾವಾಸ್ಯೆ ಗೊತ್ತಾಗಲ್ಲಮ್ಮ."

"ನಿಮ್ಮವ್ವಂಗೆ ಗೊತ್ತೈತಲ್ಲ? ಕೇಳಿ ಬರ್ಕ!"

ಸಾಲಿನಲ್ಲಿದ್ದವರು ಹೋ ಎಂದರು. ಫೋನು ನನ್ನ ಕೈಗೆ ಬಂದಾಗ ಹನುಮಂತರಾಜು ಮೆತ್ತಗಾಗಿದ್ದ. ಆ ಒಪ್ಪ ಮಾಡುವ ಕೆಲಸವನ್ನು ನಿಲ್ಲಿಸುವ ಬಗೆ ಹೇಳಿಕೊಟ್ಟ. ಒತ್ತಿದೆ. ಪರದೆ ಮಿಸುಕಿತು, ಮುದ್ರಣಯಂತ್ರ ಕಿರುಗುಟ್ಟಿ ಕಾಟಮ್ಮಕ್ಕನ ಚೀಟಿ ಉಗುಳಿತು. ಅವರು ಅದನ್ನು ಹರಿದುಕೊಂಡು ಉಗ್ರಾಣಕ್ಕೆ ಓಡಿದರು.

"ಗೋಡೆ ಕ್ಯಾಲೆಂಡರ್ ನೋಡಿ ಹೇಳ್ತೀನಿ, ವರ್ಷದ ಅಮಾವಾಸ್ಯೆ ಎಲ್ಲ ಬರ್ಕಳ್ರಿ," ಅಂದೆ. "ಅವತ್ತು ಬೆಳಿಗ್ಗೆ ನಾನೇ ಬಂದು ಕಂಪ್ಯೂಟರ್ ಹಾಕ್ತೀನಿ."

"ರಜೆ ದಿನ ನೀವ್ಯಾಕ್ ಬರ್ತೀರಾ?"

"ಇವತ್ತಿನಂಗೆ ಬೈಸ್ಕಳ್ಳೋದಕ್ಕಿಂತ ಅದೇ ವಾಸಿ ಕಣ್ರಿ."

ಹೊರಗೆ ಬಸ್ಸು ಹಾರನ್ ಹೊಡೆದು ಹೊರಟೇಬಿಟ್ಟಿತು. ನೂಲಿನ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದ ಕಾಟಮ್ಮಕ್ಕ ಅದರ ಬೆನ್ನಿಗೆ ಎರಡು ಬಾರಿಸಿದರು. ಬಸ್ಸು ನಿಂತಿತು.