ಬಾಳೆಗುಂಡಿಯ ದಿನ

ಬೆಳಗಿನ ಏಳು ಗಂಟೆಗೆ ಕೆಲಸದ ಹಲಗೆಯ ಮುಂದೆ ನಿಂತ ಶ್ರೀರಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೀಮೆಸುಣ್ಣದಲ್ಲಿ ದುಂಡಗೆ ಬರೆದಿತ್ತು: ಬಾಳೆಗುಂಡಿ - ಎಲ್ಲರೂ. ಅಡುಗೆ - ಶ್ರೀರಂಗಮ್ಮ. ಎಲ್ಲರೂ ಎಂದಮೇಲೆ ತಾನು ಆ ಎಲ್ಲರಲ್ಲಿ ಸೇರಿಲ್ಲವೆ? ಇಪ್ಪತ್ತೆರಡು ದಿನದಿಂದ ಆ ಹಲಗೆಯ ಮೇಲೆ ಬೇರೆಯವರ ಹೆಸರೆಲ್ಲ ಮೇಲೆ ಕೆಳಗೆ ಓಡಾಡಿದ್ದವು. ಅವಳ ಹೆಸರು ಮಾತ್ರ ಅಡುಗೆಯ ಪಕ್ಕದಲ್ಲಿ ಹೂತ ಕಲ್ಲಿನ ಹಾಗೆ ಕೂತುಬಿಟ್ಟಿತ್ತು.

ನುಗ್ಗೇಹಳ್ಳಿ ಹತ್ತಿರದ ಈ ಆರು ಎಕರೆಯನ್ನು ಹಾಸನದ ಡಾಕ್ಟರೊಬ್ಬರ ಮಗ ಆತ್ರೇಯ ಪ್ರಯೋಗದ ತೋಟ ಮಾಡಿಕೊಂಡಿದ್ದ. ಇಲ್ಲಿ ಉಳುವ ಹಾಗಿಲ್ಲ, ಗೊಬ್ಬರದ ಚೀಲ ತರುವ ಹಾಗಿಲ್ಲ, ಪ್ಲಾಸ್ಟಿಕ್ ಅಂತೂ ಗೇಟು ದಾಟುವ ಹಾಗೇ ಇಲ್ಲ. ಇಲ್ಲೇ ಇದ್ದು, ದುಡಿದು, ಕಲಿಯುವವರಿಗೆ ವಾಲಂಟಿಯರ್ ಎಂದು ಹೆಸರು. ಇಪ್ಪತ್ತು ಇಪ್ಪತ್ತೈದರ ಆರು ಜನ, ಏಳನೆಯವಳು ಐವತ್ತೆಂಟರ ಶ್ರೀರಂಗಮ್ಮ, ಹೊಳೆನರಸೀಪುರದ ರಿಟೈರಾದ ಮೇಷ್ಟರ ಹೆಂಡತಿ.

ಅವಳೇನೂ ಶೋಕಿಗೆ ಬಂದವಳಲ್ಲ. ಮಲ್ಲಿಪಟ್ಟಣದಲ್ಲಿ ತಂದೆ ಅವಳ ಹೆಸರಿಗೆ ಬರೆದಿಟ್ಟ ಮೂವತ್ತು ಗುಂಟೆ ಜಮೀನೂ ಒಂದು ಪುಟ್ಟ ಮನೆಯೂ ಇದ್ದವು. ಜಮೀನನ್ನು ಶುಂಠಿಗೆ ಗುತ್ತಿಗೆ ಕೊಡೋಣ ಎಂದು ಅರಕಲಗೂಡಿನ ತಮ್ಮ ಬೆನ್ನುಹತ್ತಿದ್ದ. ಶುಂಠಿಯವರು ಔಷಧಿ ಸುರಿದು ಬಿಟ್ಟುಹೋದ ಪಕ್ಕದ ಹೊಲವನ್ನು ಅವಳು ನೋಡಿದ್ದಳು; ಅಲ್ಲಿ ಹುಲ್ಲೂ ನೆಟ್ಟಗೆ ಹುಟ್ಟುತ್ತಿರಲಿಲ್ಲ. ಕೊಡಲ್ಲ, ನಾನೇ ಬೆಳೀತೀನಿ ಎಂದಿದ್ದಳು. ತಮ್ಮ ನಕ್ಕಿದ್ದ. "ಗುದ್ದಲಿ ಯಾವ ಕಡೆ ಹಿಡೀತಾರೆ ಅಂತ ಗೊತ್ತೇನೆ ಅಕ್ಕ? ಒಂದು ತಿಂಗಳು ಸುಮ್ಮನಿರ್ತೀನಿ, ಕಲಿತು ಬಾ. ಆಗಲಿಲ್ಲ ಅಂದ್ರೆ ಸಹಿ ಹಾಕು." ಅವಳು ಒಪ್ಪಿ ಬಂದಿದ್ದಳು. ಈಗ ಎಂಟೇ ದಿನ ಉಳಿದಿತ್ತು, ಗುದ್ದಲಿಯನ್ನು ಅವಳು ಇನ್ನೂ ಮುಟ್ಟಿರಲಿಲ್ಲ.

ಮುಟ್ಟುವುದಾದರೂ ಹೇಗೆ? 'ಅಮ್ಮಾ, ನಿಮ್ಮ ಸಾರು ಕುಡಿದರೆ ಜನ್ಮ ಪಾವನ' ಎಂದು ಬೆಣ್ಣೆ ಹಚ್ಚುತ್ತಲೇ ಆತ್ರೇಯ ಅವಳನ್ನು ಒಲೆಯ ಮುಂದೆ ಕೂರಿಸಿಬಿಟ್ಟಿದ್ದ. ಗುಂಡಿ ತೋಡಿ, ಕಸಕಡ್ಡಿ ತುಂಬಿ, ಸುತ್ತ ಬಾಳೆ ನೆಡುವುದನ್ನು ಖಂಡಿತ ಕಲಿಸುತ್ತೇನೆ ಎಂದು ಮಾತು ಕೊಟ್ಟವನೂ ಅವನೇ. ಮನೆಯಲ್ಲಿ ಮೂವತ್ತೇಳು ವರ್ಷ ಬೇಯಿಸಿದ್ದು ಸಾಲದು ಅಂತ ಬಸ್ಸು ಹತ್ತಿ ಬಂದು ಇಲ್ಲೂ ಬೇಯಿಸಬೇಕೆ? ಸಾಲದ್ದಕ್ಕೆ ಅವಳು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ವಿಡಿಯೊ ಮಾಡಿ 'ನಮ್ಮ ತೋಟದ ಅನ್ನಪೂರ್ಣೆ' ಅಂತ ಬೇರೆ ಹಾಕಿದ್ದ. ಅನ್ನಪೂರ್ಣೆಯಂತೆ, ಅವನ ತಲೆ.

ಅವತ್ತು ಒಂದು ದಿನದ ಶಿಬಿರಕ್ಕೆ ನಲವತ್ತು ಜನ ಬರುವವರಿದ್ದರು. ಶ್ರೀರಂಗಮ್ಮ ಅಕ್ಕಿ ತೊಳೆಯಲಿಲ್ಲ, ಒಲೆ ಹೊತ್ತಿಸಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ತೋಟದ ಕೆಳಗಿನ ಮೂಲೆಗೆ ನಡೆದಳು.

ಅಲ್ಲಿ ಬೆಟ್ಟಮ್ಮ ಆಗಲೇ ಮೊಣಕಾಲುದ್ದ ಗುಂಡಿ ತೋಡಿದ್ದಳು. ಶಿಬಿರದವರು ಫೋಟೊಗೆಂದು ನಾಲ್ಕು ಏಟು ಹಾಕುವುದಕ್ಕೆ ಮುಂಚೆ ನಿಜವಾದ ಅಗೆತ ಮುಗಿದಿರಬೇಕಲ್ಲ. ಪಕ್ಕದ ಹಳ್ಳಿಯ ಕಾಲೋನಿಯಿಂದ ದಿನಾ ಕೂಲಿಗೆ ಬರುವ ಅವಳಿಗೂ ಹೆಚ್ಚುಕಮ್ಮಿ ಶ್ರೀರಂಗಮ್ಮನದೇ ವಯಸ್ಸು.

"ಕೊಡು ಬೆಟ್ಟಮ್ಮ, ನಾನು ಅಗೀತೀನಿ."

ಬೆಟ್ಟಮ್ಮ ಒಮ್ಮೆ ಮುಖ ನೋಡಿ ಗುದ್ದಲಿ ಕೊಟ್ಟಳು. ಮೊದಲ ಏಟು ಕಲ್ಲಿಗೆ ಬಿದ್ದು ಶ್ರೀರಂಗಮ್ಮನ ಭುಜದವರೆಗೂ ಜುಮ್ಮೆಂದಿತು.

"ಅಂಗಲ್ಲ ಅಮ್ಮೋರೆ. ಸ್ವಂಟ ಬಗ್ಗುಸ್ಬ್ಯಾಡಿ, ಮಂಡಿ ಬಗ್ಗ್ಸಿ. ಕೈ ಸಡ್ಲ ಬುಡಿ, ಗುದ್ಲಿ ಭಾರುಕ್ಕೆ ಅದೇ ಬೀಳ್ತದೆ." ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹೇಳಿದಳು: "ಮ್ಯಾಗಳ ಮಣ್ಣು ಒಂದ್ ಕಡೀಕ್ ಆಕಿ, ತಳದ್ದು ಇನ್ನೊಂದ್ ಕಡೀಕೆ. ಬಾಳೆ ಬುಡಕ್ಕೆ ಮ್ಯಾಗಳದೇ ಬೇಕು."

ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಎದ್ದರೆ ಏಳಲಿ ಎಂದುಕೊಂಡಳು. ಇಪ್ಪತ್ತೆರಡು ದಿನದಲ್ಲಿ ಯಾರೂ ಹೇಳಿಕೊಡದ್ದನ್ನು ಈ ಹೆಂಗಸು ನಾಲ್ಕು ಮಾತಲ್ಲಿ ಹೇಳಿಕೊಟ್ಟಿದ್ದಳು.

ಹನ್ನೊಂದೂವರೆಗೆ ಆತ್ರೇಯ ಓಡೋಡಿ ಬಂದ. "ಅಮ್ಮಾ, ಒಲೆ ತಣ್ಣಗಿದೆ. ನಲವತ್ತು ಜನ ಊಟಕ್ಕೆ ಏನು ಮಾಡ್ತಾರೆ?"

"ನಲವತ್ತು ಜನಕ್ಕೂ ಎರಡೆರಡು ಕೈ ಇದಾವಲ್ಲಪ್ಪ. ಅಕ್ಕಿ ತೊಳೀಲಿ."

"ಹೀಗಂದ್ರೆ ಹೇಗಮ್ಮ? ಇಲ್ಲಿ ಎಲ್ಲ ಸೇವೆಯೂ ಒಂದೇ."

"ಒಂದೇ ಆದ್ರೆ ಒಂದು ದಿನ ನೀನು ಹೊಗೆ ಕುಡಿ. ಇಪ್ಪತ್ತೆರಡು ದಿನ ನನ್ನನ್ನ ಯಾಕೆ ಅಲ್ಲೇ ಕೂಡಿಹಾಕಿದೆ, ಅದನ್ನ ಹೇಳು ಮೊದಲು."

ಆತ್ರೇಯ ಬೆಟ್ಟಮ್ಮನ ಕಡೆ ನೋಡಿ ಕಣ್ಣು ತಪ್ಪಿಸಿದ. "ನೀವೇ ಕೇಳಿದ್ರಲ್ಲಮ್ಮ," ಎಂದು ಗೊಣಗಿ, ಫೋನು ಕಿವಿಗಿಟ್ಟುಕೊಂಡು ಹೊರಟ. ಚನ್ನರಾಯಪಟ್ಟಣದ ಯಾವುದೋ ಹೋಟೆಲಿಗೆ ನಲವತ್ತು ಚಿತ್ರಾನ್ನ ಹೇಳುತ್ತಿದ್ದ. ಪ್ಲಾಸ್ಟಿಕ್ ಡಬ್ಬಿಯಾದರೂ ಪರವಾಗಿಲ್ಲ, ಬೇಗ ಕಳಿಸಿ ಅಂದದ್ದು ಇವರಿಗೂ ಕೇಳಿಸಿತು.

"ನಾನು ಕೇಳಿದ್ನಂತೆ," ಎಂದಳು ಶ್ರೀರಂಗಮ್ಮ. "ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವೇನೆ ಬೆಟ್ಟಮ್ಮ?"

"ಕೇಳಿದ್ದು ದಿಟ ಅಲ್ವಾ?"

"ಏನು?"

"ನೀವ್ ಬರಾಗಂಟ ಆ ಅಡ್ಗೆಮನೆ ನಂದೇ. ಒಂದೂವರೆ ವರ್ಸ ನಾನೇ ಬೇಯಿಸ್ದೆ, ಎಲ್ರೂ ಉಂಡ್ರು. ನೀವ್ ಬಂದ್ ದಿನ, ಅಡ್ಗೆ ಯಾರ್ದು ಅಂದ್ರಿ. ನಂದು ಅಂದೆ. ಅವತ್ತು ಬರೀ ಬಾಳೆಅಣ್ಣು ತಿಂದು ಮನಿಕ್ಕಂಡ್ರಿ. ಬೆಳಗ್ಗೆ ಎದ್ದು, ಅಡ್ಗೆ ನಾನೇ ನೋಡ್ಕತೀನಿ, ಇವ್ಳಿಗೆ ಒರಗಡೆ ಕೆಲ್ಸ ಕೊಡಿ ಅಂದ್ರಿ. ಅವತ್ನಿಂದ ನಾನು ಬಿಸ್ಲಲ್ಲಿ ಅಗೀತಾ ಇವ್ನಿ."

ಶ್ರೀರಂಗಮ್ಮನಿಗೆ ಎಲ್ಲ ನೆನಪಾಯಿತು. ಅದನ್ನೊಂದು ಮಾತು ಎಂದೇ ಅವಳು ಎಣಿಸಿರಲಿಲ್ಲ. ಪಾಪ, ಇಲ್ಲಿ ಅಡುಗೆಗೆ ಒದ್ದಾಡುತ್ತಿದ್ದರು, ಅದಕ್ಕೇ ನಾನು ವಹಿಸಿಕೊಂಡೆ ಎಂದು ಗಂಡನಿಗೆ ಫೋನಿನಲ್ಲಿ ಹೇಳಿದ್ದಳು. ಹೇಳಿ ಹೇಳಿ ತಾನೂ ಅದನ್ನೇ ನಂಬಿದ್ದಳು.

"ಅದು ಅಭ್ಯಾಸ ಕಣೆ. ನಿನ್ನ ಮೇಲೆ ನನಗೇನೂ ಇರಲಿಲ್ಲ."

"ನನ್ ಮ್ಯಾಲೆ ಇಲ್ದೆ ಇನ್ಯಾರ್ ಮ್ಯಾಲಿತ್ತು?" ಬೆಟ್ಟಮ್ಮ ದನಿ ಏರಿಸಲಿಲ್ಲ. "ನಿಮ್ಮನ್ನ ಒಲೆ ಮುಂದ್ ಕೂರುಸ್ದ ಅಂತ ಅವನ ಮ್ಯಾಲೆ ರೇಗ್ತಿದ್ದೀರಲ್ಲ. ನನ್ನ ಎಬ್ಬಿಸ್ದೋರು ನೀವು. ನಾನ್ ಯಾರ್ ಮ್ಯಾಲೆ ರೇಗ್ಲಿ?"

ಶ್ರೀರಂಗಮ್ಮ ಗುಂಡಿಯ ಅಂಚಿನಲ್ಲಿ ಕೂತಳು. "ತಪ್ಪಾಯಿತು" ಎಂದಳು. ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಕೇಳಿದಳು: "ಮಲ್ಲಿಪಟ್ಟಣದ ನನ್ನ ಜಮೀನಿಗೆ ಬರ್ತೀಯಾ ಬೆಟ್ಟಮ್ಮ? ಇಲ್ಲಿ ನನಗೆ ಯಾರೂ ಕಲಿಸಲ್ಲ. ನೀನು ಒಂದು ಬೆಳೆ ತೆಗೆಯೋವರೆಗೆ ಜೊತೇಲಿದ್ದರೆ ನಾನು ತಮ್ಮನ ಗುತ್ತಿಗೆ ಪತ್ರಕ್ಕೆ ಸಹಿ ಹಾಕಲ್ಲ. ನೀನು ಬರದಿದ್ರೆ ಆ ನೆಲ ಶುಂಠಿಯವರ ಪಾಲು."

ಬೆಟ್ಟಮ್ಮ ಮುಖದ ಬೆವರು ಒರೆಸಿಕೊಂಡಳು. "ಬತ್ತೀನಿ ಅಂತ್ಲೇ ಇಟ್ಕಳಿ. ಮದ್ದ್ಯಾನ ಉಣ್ಣಕ್ಕೆ ನನ್ನ ಎಲ್ಲಿ ಕೂರುಸ್ತೀರಿ?"

ಬೆಳಗಿನಿಂದ ಎಲ್ಲರಿಗೂ ಉತ್ತರ ಕೊಟ್ಟಿದ್ದ ಶ್ರೀರಂಗಮ್ಮ ಇದಕ್ಕೂ ಬಾಯಿ ತೆರೆದಳು. ನಾಲಿಗೆಗೆ ಬಂದದ್ದು ಜಗಲಿ ಎಂಬ ಮಾತು, ತಂದೆಯ ಕಾಲದಲ್ಲಿ ಆಳುಗಳು ಉಣ್ಣುತ್ತಿದ್ದ ಜಾಗ. ಅದನ್ನು ಹಲ್ಲು ಕಚ್ಚಿ ನುಂಗಿಕೊಂಡು, ಒಳಗೆ ಎನ್ನಲು ಹೊರಟಳು. ಅಷ್ಟರಲ್ಲಿ ತಡವಾಗಿತ್ತು. ಬೆಟ್ಟಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಕೊಡಿ ಇತ್ಲಾಗೆ," ಎಂದು ಬೆಟ್ಟಮ್ಮ ಗುದ್ದಲಿ ಇಸಿದುಕೊಂಡು ಗುಂಡಿಗಿಳಿದಳು. ಶ್ರೀರಂಗಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಬಯ್ಯೋಣವೆಂದರೆ ತನ್ನನ್ನು ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ.