ಕೆಂಪು ಬೀಳದ ಪ್ರಬಂಧ

ಹದಿನೇಳನೆಯ ಉತ್ತರಪತ್ರಿಕೆಯಲ್ಲೂ ಚಿಕ್ಕಪ್ಪ ಮಾವಿನ ಮರದಿಂದ ಬಿದ್ದಾಗ, ತಿದ್ದುತ್ತಿದ್ದ ಉಪನ್ಯಾಸಕಿ ಎವೆಲಿಯಾ ಕಚ್ಚಿದ್ದ ತಮಾಲೆ ಕಡುಬನ್ನು ತಟ್ಟೆಗೆ ಹಾಕಿದಳು. ‘ನಿಮ್ಮ ಮನೆಯ ಮರೆಯಲಾಗದ ದಿನ’ದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಮೆರಿದಾ ನಗರದ ಆ ವಿಶ್ವವಿದ್ಯಾಲಯದ ತರಗತಿಗೆಲ್ಲ ಒಬ್ಬನೇ ಚಿಕ್ಕಪ್ಪ, ಮುರಿದದ್ದೂ ಒಂದೇ ಎಡಗಾಲು. ಯಾರೋ ಅಗಿದ ತುತ್ತು ಬಾಯಿಗೆ ಬಂದಂತಾಯಿತು.

“ಚಿಕ್ಕಪ್ಪ ಇನ್ನೂ ಬದುಕಿದ್ದಾನಾ?” ಎಂದು ನಕ್ಕ ವಿಭಾಗದ ಮುಖ್ಯಸ್ಥ ದೋನ್ ಆರ್ಸೆನಿಯೊ, ನಕಲಿನ ವರದಿಯ ಫಾರಂಗಳನ್ನು ಮೇಜಿಗಿಟ್ಟ. “ಸಹಿ ಹಾಕಿ. ಒಂದು ವರ್ಷ ಮನೇಲಿ ಕೂತ್ರೆ ಬುದ್ಧಿ ಬರುತ್ತೆ.”

ಮೊದಲ ಫಾರಂ ನೆಯ್ದಿ ಚಾನ್‌ಳದು. ಎವೆಲಿಯಾ ಅವಳನ್ನು ಕರೆಸಿದಳು.

“ನಿನಗೆ ಚಿಕ್ಕಪ್ಪ ಇದ್ದಾನೇನೇ?”

“ಇಲ್ಲ ಮಿಸ್. ನಮ್ಮಪ್ಪ ಒಬ್ಬನೇ ಮಗ.”

“ಹೇಸಿಗೆ ಆಗಲ್ವಾ, ಇನ್ನೊಬ್ಬರ ಎಂಜಲು ತಂದು ನನಗೆ ಬಡಿಸೋಕೆ?”

“ಎಲ್ಲರೂ ಅದನ್ನೇ ತರೋದು ಮಿಸ್. ಜೆರಾಕ್ಸ್ ಅಂಗಡೀಲಿ ‘ಕೆಂಪು ಬೀಳದ ಪ್ರಬಂಧ’ ಅಂದ್ರೆ ಸಾಕು, ಕೊಡ್ತಾರೆ.”

ಹುಡುಗಿ ಪ್ರತಿಯನ್ನು ಮುಂದಿಟ್ಟಳು. ಅಂಚಿನಲ್ಲಿ ‘ಬಹಳ ಚೆನ್ನಾಗಿದೆ’. ಅದರ ಕೆಳಗೆ ಆರು ವರ್ಷದ ಹಿಂದಿನ ತಾರೀಖು, ಎವೆಲಿಯಾಳದೇ ಸಹಿ. ಇದೇ ಪ್ರಶ್ನೆ ಆಗಲೂ ಕೇಳಿದ್ದಳಂತೆ, ನೆನಪೇ ಇರಲಿಲ್ಲ.

“ಹೋದ ವರ್ಷ ನಾನೇ ಸ್ವಂತ ಬರೆದಿದ್ದೆ,” ಎಂದು ನೆಯ್ದಿ ಇನ್ನೊಂದು ಹಾಳೆ ಬಿಡಿಸಿದಳು.

ಕೋಳಿ ಕೊಯ್ದ ಮಣೆಯಂತಿತ್ತು ಅದು. ಸಾಲು ಸಾಲಿಗೂ ಕೆಂಪು, ಕೊನೆಗೆ ‘ಮತ್ತೆ ಬರೆ’. ತಾನೇ ತಿದ್ದಿದ್ದ ಹಾಳೆಯನ್ನು ಎವೆಲಿಯಾ ಈಗ ಮೊದಲ ಸಲ ಓದಿದಳು. ಅದರಲ್ಲಿ, ಜೇನುಹುಳ ಸತ್ತರೆ ನೆಯ್ದಿಯ ಅಜ್ಜಿ ಅದನ್ನು ಎಲೆಯಲ್ಲಿ ಸುತ್ತಿ ಮಣ್ಣು ಮಾಡುತ್ತಿದ್ದಳು. ಸೋಯಾ ಹೊಲಕ್ಕೆ ವಿಮಾನದಿಂದ ಔಷಧಿ ಹೊಡೆದ ದಿನ, ಎಲೆ ಸಾಲಲಿಲ್ಲ.

ಅಷ್ಟರ ಮೇಲೂ ಕೆಂಪು ಗೀಟು. ಅಸಹ್ಯವೇನೋ ಹೋಗಲಿಲ್ಲ, ಹುಡುಗಿಯನ್ನು ಬಿಟ್ಟು ತನ್ನ ಮೇಲೇ ಬಂದು ಕೂತಿತು.

“ಎಲೆ ಸಾಲದೆ ಹೋದಾಗ ನಿಮ್ಮಜ್ಜಿ ಏನು ಮಾಡಿದ್ರು?”

ನೆಯ್ದಿ ತಲೆಯೆತ್ತಿದಳು. “ತನ್ನ ಹಬ್ಬದ ಅಂಗಿ ಹರಿದ್ಲು ಮಿಸ್. ಕಸೂತಿ ಹಾಕಿದ್ದು.”

“ಅದು ಇದರಲ್ಲಿ ಯಾಕಿಲ್ಲ?”

“ಅದನ್ನೂ ನೀವು ಹೊಡೆದುಹಾಕ್ತೀರೇನೋ ಅಂತ…”

ಎವೆಲಿಯಾ ಸಹಿ ಹಾಕದ ಫಾರಂ ಅನ್ನು ಮಗುಚಿದಳು. ಹಿಂಬದಿ ಖಾಲಿಯಿತ್ತು. ಕೆಂಪು ಪೆನ್ನನ್ನು ಡ್ರಾಯರಿಗೆ ಹಾಕಿ, ಹುಡುಗಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟಳು.

“ಅಂಗಿಯಿಂದ ಶುರು ಮಾಡು.”