ಆಗ್ನೇಯ ಮೂಲೆಯ ಪಾಯ

ಹಿತ್ತಲಲ್ಲಿ ಒಲೆ ಕಟ್ಟಿಸ್ತೀನಿ ಅಂತ ನನ್ನ ಮಗ ಸಂಪತ್ ಹೊರಟಾಗ ನಗು ಬಂತು. ಗ್ಯಾಸಿದೆ, ಕರೆಂಟಿನ ಓವನ್ ಇದೆ, ಇನ್ನೊಂದು ಯಾಕೋ ಕರ್ಮ ಅಂದೆ. 'ಸೌದೆ ಒಲೆ ಅಮ್ಮ. ಪಿಜ್ಜಾ, ಬ್ರೆಡ್ಡು ಮಾಡೋಕೆ. ಅನುಗೆ ಆಸೆ' ಅಂದ. ಅನು ನನ್ನ ಸೊಸೆ, ತುಂಬಿದ ಬಸುರಿ. ಬಸುರಿ ಆಸೆಗೆ ಅಡ್ಡ ಬರೋಕಾಗುತ್ತಾ? ಆಯ್ತು ಬಿಡಪ್ಪ ಅಂದೆ.

ಅವನು ಸುಣ್ಣದಲ್ಲಿ ಗೆರೆ ಎಳೆದ ಜಾಗ ನೋಡಿ ಮಾತ್ರ ನಗು ನಿಂತುಹೋಯ್ತು. ಈಶಾನ್ಯ ಮೂಲೆ, ಹಿಂದೆ ಸೀಬೆ ಗಿಡ ಇದ್ದ ಜಾಗ. ಅದರ ಬುಡದಲ್ಲಿ ನನ್ನ ಮೊದಲನೇ ಕೂಸಿದೆ. ಹೆಣ್ಣುಮಗು, ಹೆಸರಿಡೋಕೆ ಮುಂಚೆನೇ ಹೋಯ್ತು. ಆಗಿನ್ನೂ ನಮ್ಮ ಮಲ್ಲತ್ತಹಳ್ಳಿ ಹಳ್ಳಿನೇ. ನಮ್ಮಲ್ಲಿ ಎಳೆಗೂಸನ್ನ ಸುಡಲ್ಲ, ಹಿತ್ತಲಲ್ಲೇ ಮಣ್ಣು ಮಾಡ್ತಾರೆ. ಅದಕ್ಕೆ ಬೆಂಕಿ ತಾಕಬಾರದು. ನಾನು ಕೋಣೆಯಲ್ಲಿ ಬಿದ್ದಿದ್ದೆ, ನಮ್ಮೆಜಮಾನ್ರೇ ಎತ್ಕೊಂಡು ಹೋದ್ರು. ಸೀಬೆ ಗಿಡದ ಕೆಳಗೆ ಮಲಗಿಸಿದೆ ಅಂದ್ರು. ವರ್ಷಾ ವರ್ಷಾ ಯಾರಿಗೂ ಕಾಣದ ಹಾಗೆ ಅಲ್ಲಿ ಹಾಲು ಎರೀತೀನಿ.

ಸಂಪತ್‌ಗೆ ಇದೊಂದೂ ಗೊತ್ತಿಲ್ಲ. ಹೋದ ಕೂಸಿನ ಸುದ್ದಿ ಬಸುರಿ ಇರೋ ಮನೇಲಿ ಎತ್ತಲೇಬಾರದು ಅಂತ ನಮ್ಮತ್ತೆ ಕಟ್ಟುನಿಟ್ಟು ಮಾಡಿದ್ರು. ಅವನು ಹೊಟ್ಟೇಲಿದ್ದಾಗ ಮುಚ್ಚಿದ ಬಾಯಿ ಆಮೇಲೆ ತೆಗೀಲೇ ಇಲ್ಲ. ಈಗ ಅನು ಮುಂದೆ ಹೇಗೆ ತೆಗೀಲಿ?

'ನಿನ್ನ ಬುದ್ಧಿಗಿಷ್ಟು! ಈಶಾನ್ಯದಲ್ಲಿ ಯಾರಾದ್ರೂ ಬೆಂಕಿ ಇಡ್ತಾರೇನೋ? ಅದು ನೀರಿನ ಮೂಲೆ. ಒಲೆ ಅಂದ್ರೆ ಆಗ್ನೇಯ' ಅಂತ ರೇಗಿದೆ. ಹೊರಗಿನ ಒಲೆಗೆ ಎಂಥ ವಾಸ್ತು ಅಮ್ಮ ಅಂತ ವಾದ ಮಾಡಿದ. ನಾನು ಜಪ್ಪಯ್ಯ ಅಂದ್ರೂ ಬಗ್ಗಲಿಲ್ಲ. ಕೊನೆಗೆ ಅನುನೇ, 'ಅತ್ತೆ ಹೇಳಿದ ಕಡೆನೇ ಕಟ್ಟಿಸೋಣ ಬಿಡಿ' ಅಂದಳು.

ಆಗ್ನೇಯದಲ್ಲಿ ಬಟ್ಟೆ ಒಗೆಯೋ ಕಲ್ಲಿತ್ತು. ಅದನ್ನ ಕಿತ್ತು ಮೊಣಕಾಲುದ್ದ ಪಾಯ ತೋಡಿದ್ರು, ಜಲ್ಲಿ ಸುರಿದು ಕುಟ್ಟಿದ್ರು. ನಾನು ಕುರ್ಚಿ ಹಾಕ್ಕೊಂಡು ಕೂತು, 'ಇನ್ನೂ ಗಟ್ಟಿಯಾಗಿ ಕುಟ್ರಪ್ಪ, ತಿಂಡಿ ತಿಂದಿಲ್ವಾ?' ಅಂತ ರೇಗಿಸಿದೆ. ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ್ರು. ನನ್ನ ಮಗಳು ಉಳಿದಳು ಅಂತ ಅವತ್ತು ಹೊಟ್ಟೆ ತುಂಬ ಉಂಡೆ.

ಇಷ್ಟೆಲ್ಲ ಆಗುವಾಗ ನಮ್ಮೆಜಮಾನ್ರು ಕಣ್ಣಿನ ಆಪರೇಷನ್ ಮಾಡಿಸ್ಕೊಂಡು ಅತ್ತಿಗುಪ್ಪೆ ತಂಗಿ ಮನೇಲಿದ್ರು. ಅವರು ವಾಪಸ್ ಬಂದಾಗ ನಾನು ಕಾಂಕ್ರೀಟಿಗೆ ನೀರು ಹಾಕ್ತಿದ್ದೆ. ದಿನಾ ನೆನೆಸಿದ್ರೇನೇ ಗಟ್ಟಿ ಬರೋದು ಅಂದಿದ್ರು ಮೇಸ್ತ್ರಿ. ಮಗನನ್ನ ಹೇಗೆ ಬಗ್ಗಿಸಿದೆ ಅಂತ ಪಿಸುಮಾತಲ್ಲಿ ಜಂಬ ಕೊಚ್ಚಿಕೊಂಡೆ. ಅವರು ಕರಿ ಕನ್ನಡಕ ತೆಗೆದು ಹಾಗೇ ನೆಲದ ಮೇಲೆ ಕೂತುಬಿಟ್ರು.

'ಸೀಬೆ ಗಿಡದ ಹತ್ರ ಇಲ್ಲ ಕಣೇ.'

'ಏನು ಹಂಗಂದ್ರೆ?'

'ನಿಜವಾದ ಜಾಗ ಹೇಳಿದ್ರೆ ನೀನು ಹೋಗಿ ಅಗೀತೀಯ ಅಂತ ಭಯ ಆಯ್ತು. ಹಂಗಿದ್ದೆ ನೀನು ಆಗ. ಅದಕ್ಕೇ ಸುಳ್ಳು ಹೇಳಿದೆ. ಆಳುದ್ದ ಗುಂಡಿ ತೋಡಿ ಮಲಗಿಸಿ, ಮೇಲೆ ಆ ಒಗೆಯೋ ಕಲ್ಲು ಹಾಕ್ಸಿದೆ.' ಒದ್ದೆ ಕಾಂಕ್ರೀಟ್ ಮೇಲೆ ಅಂಗೈ ಇಟ್ಟು, 'ಇಲ್ಲೇ ಕಣೇ' ಅಂದ್ರು.

'ಮನೆಹಾಳ ಮುದುಕ! ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ರಿ?' ಅಂತ ಅವರ ಅಂಗಿ ಹಿಡಿದು ಜಗ್ಗಿದೆ. ಅವರು ಬಿಡಿಸ್ಕೊಳ್ಳಲಿಲ್ಲ. ಅಳಬಾರದು ಅಂತ ಡಾಕ್ಟರು ಹೇಳಿದ್ದ ಕಣ್ಣಲ್ಲಿ ಅತ್ತರು. ಒಡೆಸೋಣ ಅಂದ್ರೆ ಮಗು ಮೇಲೆ ಮಷೀನು, ಬಿಟ್ರೆ ಬೆಂಕಿ. ಆಗ್ನೇಯ ಅಂತ ಕುಣಿದವಳು ನಾನೇ, ಇನ್ಯಾವ ನೆಪ ಹೂಡ್ಲಿ?

ಅಷ್ಟರಲ್ಲಿ ಅನು ಹಿತ್ತಲ ಬಾಗಿಲಿಗೆ ಬಂದಳು. ಮಾವನವರು ಯಾಕೆ ನೆಲದ ಮೇಲೆ ಕೂತಿದಾರೆ ಅಂತ ಗಾಬರಿಯಾದಳು. ಬಿಸಿಲಿಗೆ ತಲೆ ಸುತ್ತಿತು ಕಣಮ್ಮ ಅಂದೆ.

'ಇಟ್ಟಿಗೆ ಕೆಲಸ ಈ ವಾರ ಮುಗಿಯುತ್ತಂತೆ ಅತ್ತೆ. ಮನೆಗೆ ದೊಡ್ಡೋರು ನೀವು, ಮೊದಲನೇ ಬೆಂಕಿ ನೀವೇ ಹಚ್ಬೇಕು' ಅಂದಳು. ಅವಳ ಕೈ ಹೊಟ್ಟೆ ಮೇಲಿತ್ತು.

'ಹೂಂ ಕಣಮ್ಮ, ಹಚ್ತೀನಿ' ಅಂದೆ.